ಅಕ್ಕಾ, ಕೆನಡಾ ಸೇತುವೆ ಬೇಡ, ಅರ್ಜಿ ಹಾಕಿಸು

ಅಕ್ಕಾ, ಈ ವಾಯ್ಸ್ ಸ್ವಲ್ಪ ಉದ್ದ ಆಗುತ್ತದೆ. ಮಗು ಮಲಗಿದ ಮೇಲೆ ಕೇಳು. ಭಾವನಿಗೂ ಅಳಿಯಂದಿರಿಗೂ ಸ್ಪೀಕರ್ ಹಾಕಿ ಕೇಳಿಸು. ನಿನ್ನೆ ಮದುವೆ ಮನೆಯಲ್ಲಿದ್ದೆ, ಗ್ರೂಪ್ ನೋಡಿದ್ದು ದಾವಣಗೆರೆಗೆ ಬಂದ ಮೇಲೆ. ನೋಡಿದಾಗಿಂದ ಸಮಾಧಾನ ಇಲ್ಲ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋದ ನೀವಿಬ್ಬರೂ ಇನ್ನಷ್ಟು ದಿನ ಅಲ್ಲೇ ಇರುವ ವಿಷಯವಾಗಿ ನೀನು ಗ್ರೂಪ್‌ನಲ್ಲಿ ಬರೆದಿದ್ದು ಇಷ್ಟು. ಮಗುವಿಗೆ ಮೂರು ತಿಂಗಳು. ನಮ್ಮ ಹುಡುಗಿ ಸೆಪ್ಟೆಂಬರ್‌ನಲ್ಲಿ ಕೆಲಸಕ್ಕೆ ವಾಪಸ್ ಹೋಗಬೇಕು. ಡೇಕೇರ್‌ನಲ್ಲಿ ಸೀಟು ಸಿಗುವುದು ಅಕ್ಟೋಬರ್‌ಗೆ. ಹಾಗಾಗಿ ಅಕ್ಟೋಬರ್ ಕೊನೆವರೆಗೆ ಇರಬೇಕು ಅಂತ ನಿಮ್ಮ ಆಸೆ. ಅದಕ್ಕೆ ಭಾವ, "ನಮಗೆ ಸೆಪ್ಟೆಂಬರ್ 8ರವರೆಗೆ ಟೈಮ್ ಇದೆ, ಅವಸರ ಇಲ್ಲ" ಅಂದಿದ್ದಾರೆ. ಅಣ್ಣ, "ಡೆಟ್ರಾಯಿಟ್ ನದಿ ಆಚೆ ದಡವೇ ಕೆನಡಾ, ಕಾರಲ್ಲಿ ಸೇತುವೆ ದಾಟಿ ಎರಡು ದಿನ ಇದ್ದು ಬನ್ನಿ, ಮತ್ತೆ ಆರು ತಿಂಗಳು ಸಿಗುತ್ತೆ, ಇದಕ್ಕೆ ಬಾರ್ಡರ್ ರನ್ ಅಂತಾರೆ" ಅಂದಿದ್ದಾನೆ. ಕೆಳಗೆ ಎಲ್ಲರೂ ಹೆಬ್ಬೆರಳು ಒತ್ತಿದ್ದಾರೆ.

ಮೊದಲು ದಿನಾಂಕದ ಮಾತು. ಭಾವ, ತಪ್ಪು ತಿಳಿಯಬೇಡಿ. ನೀವು ಹಾಕಿದ ಐ-94, ಅದೇ ಅಲ್ಲಿ ಯಾವ ದಿನದವರೆಗೆ ಇರಬಹುದು ಅಂತ ಬರೆದಿರುವ ಕಾಗದದ ಫೋಟೋ ದೊಡ್ಡದು ಮಾಡಿ ನೋಡಿದೆ. ಅದರಲ್ಲಿ 08/09 ಅಂತ ಇದೆ. ನಮ್ಮಲ್ಲಿ ಅದನ್ನು ಸೆಪ್ಟೆಂಬರ್ 8 ಅಂತ ಓದುತ್ತೇವೆ. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಅದು ಆಗಸ್ಟ್ 9. ಬೆರಳಲ್ಲಿ ಎಣಿಸಿ ನೋಡಿ. ನೀವು ಅಲ್ಲಿ ಇಳಿದಿದ್ದು ಫೆಬ್ರವರಿ 10ಕ್ಕೆ. ಆರು ತಿಂಗಳು ಅಂದರೆ ಆಗಸ್ಟ್‌ಗೇ ಮುಗಿಯಿತಲ್ವಾ? ಸೆಪ್ಟೆಂಬರ್ ಎಲ್ಲಿಂದ ಬರುತ್ತದೆ? ನಿಮ್ಮ ಕೈಯಲ್ಲಿ ಇದೆ ಅಂದುಕೊಂಡ ಒಂದು ತಿಂಗಳು ಇಲ್ಲವೇ ಇಲ್ಲ. ಇವತ್ತೇ ಅಳಿಯಂದಿರ ಹತ್ತಿರ ಸರ್ಕಾರದ ವೆಬ್‌ಸೈಟ್‌ನಲ್ಲಿ ಇನ್ನೊಂದು ಸಲ ತೆಗೆಸಿ ನೋಡಿ. ಪಾಸ್‌ಪೋರ್ಟ್ ನಂಬರ್ ಹಾಕಿದರೆ ಬರುತ್ತದೆ. ದುಡ್ಡು ಕಟ್ಟುವಂಥದ್ದೇನೂ ಇಲ್ಲ.

ಪಾಸ್‌ಪೋರ್ಟ್‌ನಲ್ಲಿ ಅಂಟಿಸಿರುವ ವೀಸಾ ಹತ್ತು ವರ್ಷದ್ದು ನಿಜ. ಅದು ಬಾಗಿಲು ತಟ್ಟುವುದಕ್ಕೆ ಮಾತ್ರ. ಒಳಗೆ ಎಷ್ಟು ದಿನ ಇರಬಹುದು ಅಂತ ಹೇಳುವುದು ಐ-94. ಆ ದಿನ ದಾಟಿ ಒಂದೇ ದಿನ ಜಾಸ್ತಿ ಇದ್ದರೂ ಆ ಹತ್ತು ವರ್ಷದ ವೀಸಾ ರದ್ದಾದ ಹಾಗೆ. ಮತ್ತೆ ಹೋಗಬೇಕಾದರೆ ಊರಿಗೆ ಬಂದು ಮೊದಲಿಂದ ಅರ್ಜಿ, ಮೊದಲಿಂದ ಇಂಟರ್ವ್ಯೂ. 180 ದಿನ ಮೀರಿದರೆ ಮೂರು ವರ್ಷ ಒಳಗೆ ಬಿಡುವುದಿಲ್ಲ. ಒಂದು ವರ್ಷ ಮೀರಿದರೆ ಹತ್ತು ವರ್ಷ. ನಾಳೆ ನಮ್ಮ ಹುಡುಗಿಗೆ ಎರಡನೇ ಬಾಣಂತನ ಬಂದರೆ ಯಾರು ಹೋಗುತ್ತಾರೆ? ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಈಗ ಕೆನಡಾ. ಅಣ್ಣಾ, ನೀನು ಒಳ್ಳೆಯ ಮನಸ್ಸಿಂದ ಹೇಳಿದ್ದೀಯ. ನಿನ್ನ ಗೆಳೆಯನ ಮಗ ಥಾಯ್ಲೆಂಡ್‌ನಲ್ಲಿ ಹಾಗೆ ಮಾಡಿದ್ದಾನೆ ಅಂದೆ. ಅಲ್ಲೂ ವೀಸಾ ಇಲ್ಲದೆ ರಸ್ತೆ ಗಡಿಯಿಂದ ಒಳಗೆ ಬರುವುದಕ್ಕೆ ವರ್ಷಕ್ಕೆ ಎರಡು ಸಲ ಅಂತ ಮಿತಿ ಇಟ್ಟಿದ್ದಾರೆ. ಆದರೆ ಅಮೆರಿಕದ ಲೆಕ್ಕವೇ ಬೇರೆ. ಅಲ್ಲಿಂದ ಕೆನಡಾಕ್ಕೋ ಮೆಕ್ಸಿಕೋಗೋ ಹೋಗಿ 30 ದಿನದೊಳಗೆ ವಾಪಸ್ ಬಂದರೆ ಸಾಮಾನ್ಯವಾಗಿ ಹಳೆಯ ಐ-94 ಮೇಲೆಯೇ ಒಳಗೆ ಬಿಡುತ್ತಾರೆ. ಅಂದರೆ ಆಗಸ್ಟ್ 9 ಆಗಸ್ಟ್ 9 ಆಗಿಯೇ ಇರುತ್ತದೆ. ಹೊಸ ದಿನಾಂಕ ಕೊಡುವುದೂ ಬಿಡುವುದೂ ಗಡಿಯಲ್ಲಿ ಕೂತ ಆಫೀಸರ್ ಇಷ್ಟ. ಕೇಳಿ ಪಡೆಯುವ ಹಕ್ಕು ನಮಗಿಲ್ಲ. "ಆರು ತಿಂಗಳು ಇದ್ದಿರಿ, ಎರಡು ದಿನ ಹೋಗಿ ಮತ್ತೆ ಆರು ತಿಂಗಳಿಗೆ ಬಂದಿರಿ, ಇಲ್ಲೇ ನೆಲೆಸುತ್ತೀರಾ?" ಅಂತ ಅವರಿಗೆ ಅನುಮಾನ ಬಂದರೆ ಒಳಗೆ ಬಿಡದೇ ಇರಬಹುದು. ಆಗ ಅಕ್ಕನ ಮಾತ್ರೆ, ಬಟ್ಟೆ, ಮಗು ಎಲ್ಲ ಸೇತುವೆಯ ಆ ಕಡೆ. ಇವರಿಬ್ಬರು ಕೆನಡಾ ಕಡೆಯ ವಿಂಡ್ಸರ್‌ನಲ್ಲಿ. ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತದೆ.

ಅದೂ ಅಲ್ಲದೆ ಕೆನಡಾಕ್ಕೆ ಹೋಗುವುದಕ್ಕೆ ನಮ್ಮವರಿಗೆ ಕೆನಡಾ ವೀಸಾ ಬೇಕು. ಅಮೆರಿಕ ವೀಸಾ ಇದೆ ಅಂತ ಹಾಗೇ ಬಿಡುವುದಿಲ್ಲ. ತಲೆಗೆ 100 ಕೆನಡಾ ಡಾಲರ್, ಬೆರಳಚ್ಚಿಗೆ 85. ಇಬ್ಬರಿಗೆ 370. ಬೆರಳಚ್ಚು ಕೊಟ್ಟು, ಪಾಸ್‌ಪೋರ್ಟ್ ಕಳಿಸಿ, ಅದು ವಾಪಸ್ ಬರುವವರೆಗೆ ಕಾಯಬೇಕು. ಕೈಯಲ್ಲಿ ದಿನವೇ ಇಲ್ಲದಾಗ ಅಷ್ಟೆಲ್ಲ ಮಾಡಿ, ಆಮೇಲೂ ಖಾತ್ರಿ ಇಲ್ಲ ಅಂದರೆ ಯಾಕೆ ಬೇಕು?

ಇರುವ ನೇರ ದಾರಿ, ಇನ್ನಷ್ಟು ದಿನ ಇರಲು ಬಿಡಿ ಅಂತ ಕೇಳುವ ಐ-539 ಅನ್ನುವ ಅರ್ಜಿ. ಅಲ್ಲೇ ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲಿ ಹಾಕಬಹುದು. ನಾನು ಇದನ್ನು ಕೇಳಿ ಹೇಳುತ್ತಿಲ್ಲ, ಮಾಡಿ ಹೇಳುತ್ತಿದ್ದೇನೆ. 2024ರಲ್ಲಿ ನ್ಯೂಜೆರ್ಸಿಯಲ್ಲಿ ನನ್ನ ಮೊಮ್ಮಗ ಹುಟ್ಟಿದಾಗ ನಿಮಗೆಲ್ಲ ನೆನಪಿದೆ. ದಿನ ತುಂಬುವ ಮೊದಲೇ ಹುಟ್ಟಿದ. ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನಮ್ಮವರು ಏಪ್ರಿಲ್‌ನಲ್ಲೇ ಊರಿಗೆ ಬಂದರು. ನನಗೆ ಜುಲೈ ಮಧ್ಯದವರೆಗೆ ಟೈಮ್ ಇತ್ತು. ಆ ಮಗುವನ್ನು, ಆ ಸೊಸೆಯನ್ನು ಬಿಟ್ಟು ಬರುವುದಕ್ಕೆ ಮನಸ್ಸಾಗಲಿಲ್ಲ. ಮೇ ಕೊನೆಯಲ್ಲಿ ಮಗ ಅರ್ಜಿ ಹಾಕಿದ. 420 ಡಾಲರ್ ಕಟ್ಟಿದೆವು. ಯಾಕೆ ಇರಬೇಕು ಅಂತ ಒಂದು ಪತ್ರ. ಆಸ್ಪತ್ರೆಯ ಡಾಕ್ಟರ್ ಕೊಟ್ಟ ಕಾಗದ. ಖರ್ಚು ನೋಡಿಕೊಳ್ಳುತ್ತೇನೆ ಅಂತ ಮಗನ ಬರಹ, ಅವನ ಬ್ಯಾಂಕ್ ಸ್ಟೇಟ್‌ಮೆಂಟ್. ಸೆಪ್ಟೆಂಬರ್ ಕೊನೆಗೆ ಬುಕ್ ಮಾಡಿದ ಟಿಕೆಟ್. ಇಲ್ಲಿ ಮನೆ ಇದೆ, ಪೆನ್ಷನ್ ಬರುತ್ತದೆ ಅನ್ನುವುದಕ್ಕೆ ಕಾಗದ. ಅಷ್ಟೇ.

ಆ ಟಿಕೆಟ್ ಮುಖ್ಯ ಅಕ್ಕಾ. ಸುಮ್ನೆ ಆರು ತಿಂಗಳು ಕೊಡಿ ಅಂತ ಕೇಳಬೇಡ. ಎಷ್ಟು ಬೇಕೋ ಅಷ್ಟು ಕೇಳು, ಕಾರಣ ಇದ್ದದ್ದು ಇದ್ದ ಹಾಗೆ ಬರೆಸು.

ಜುಲೈ ತಾರೀಕು ದಾಟಿತು, ಉತ್ತರ ಬರಲಿಲ್ಲ. ಆ ರಾತ್ರಿ ನಾನು ನಿದ್ದೆ ಮಾಡಿಲ್ಲ. ಹೊರಗೆ ಪೊಲೀಸ್ ಕಾರಿನ ಸದ್ದು ಕೇಳಿದರೂ ಎದ್ದು ಕೂರುತ್ತಿದ್ದೆ. ಮಗ ಕೂರಿಸಿಕೊಂಡು ಹೇಳಿದ. ತಾರೀಕು ಮುಗಿಯುವ ಮೊದಲೇ ಅರ್ಜಿ ಸೇರಿದ್ದರೆ, ಉತ್ತರ ಬರುವವರೆಗಿನ ದಿನಗಳನ್ನು ಅಕ್ರಮವಾಗಿ ಇದ್ದ ಲೆಕ್ಕಕ್ಕೆ ಹಿಡಿಯುವುದಿಲ್ಲ. ರಸೀದಿ ಪ್ರಿಂಟ್ ತೆಗೆದು ಬ್ಯಾಗಿನಲ್ಲಿ ಇಟ್ಟುಕೊಂಡೆ. ನಾನು ಹೇಳಿದ ದಿನವೇ ಹೊರಟೆ. ಅಷ್ಟೊತ್ತಿಗೂ ಉತ್ತರ ಬಂದಿರಲಿಲ್ಲ. ಇನ್ನೊಂದು ವಿಷಯ. ಅಲ್ಲಿ ಹೊರಡುವಾಗ ನಮ್ಮ ಬೆಂಗಳೂರಿನ ಹಾಗೆ ಇಮಿಗ್ರೇಷನ್ ಕೌಂಟರ್ ಇರುವುದಿಲ್ಲ. ಯಾರೂ ಸೀಲ್ ಹಾಕುವುದಿಲ್ಲ. ಅದಕ್ಕೆ ಕೆಲವರು ಯಾರು ನೋಡುತ್ತಾರೆ ಅಂದುಕೊಳ್ಳುತ್ತಾರೆ. ವಿಮಾನ ಕಂಪನಿಯಿಂದ ಲೆಕ್ಕ ಹೋಗಿಯೇ ಹೋಗುತ್ತದೆ. ಆ ರಸೀದಿ ಈಗಲೂ ನನ್ನ ಬೀರುವಿನಲ್ಲಿದೆ.

ಆದರೆ ಇದರಲ್ಲಿ ಭಯ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ತಾರೀಕು ದಾಟಿದ ಮೇಲೆ ಆಗುವುದಿಲ್ಲ ಅಂತ ಉತ್ತರ ಬಂದರೆ ತಕ್ಷಣ ಹೊರಡಬೇಕು. ಮೇಲೆ ಹೇಳಿದ ಹಾಗೆ ವೀಸಾ ಹೋಗುತ್ತದೆ. ಅರ್ಜಿ ಹಾಕಿ ಕಾಯುವ ಹೊತ್ತಿನಲ್ಲಿ ಕೆನಡಾ ನೋಡಿ ಬರೋಣ ಅಂತಲೂ ಹೋಗಬೇಡಿ, ಅರ್ಜಿಗೆ ಅರ್ಥವೇ ಉಳಿಯುವುದಿಲ್ಲ. ತಾರೀಕಿಗೆ 45 ದಿನ ಮೊದಲೇ ಹಾಕಿ ಅಂತ ಅಲ್ಲಿನ ಇಲಾಖೆಯೇ ಹೇಳುತ್ತದೆ. ನಿಮಗೆ ಅದು ಜೂನ್ 25. ಇವತ್ತು ಜೂನ್ 14.

ಭಾವ, ನಿಮಗೆ ಒಂದು ಮಾತು. ಇಬ್ಬರೂ ಉಳಿಯಲೇಬೇಕಾ? ಚನ್ನಗಿರಿ ತೋಟದ ಕೊಯ್ಲು ಬರುತ್ತಿದೆ. ನೀವಿಲ್ಲದೆ ಫಸಲು ಗುತ್ತಿಗೆ ಹಿಡಿಯುವ ಖೇಣಿದಾರರ ಹತ್ತಿರ ರೇಟು ಮಾತಾಡುವವರು ಯಾರು? ಹೋದ ವರ್ಷ ಹುಡುಗರು ಮಾತಾಡಿ ಏನಾಯಿತು ನಿಮಗೇ ಗೊತ್ತು. ನೀವು ಆಗಸ್ಟ್ 9ರ ಒಳಗೆ ಬನ್ನಿ. ಅಕ್ಕ ಒಬ್ಬಳೇ ಅರ್ಜಿ ಹಾಕಲಿ. ಆಮೇಲೆ ಒಬ್ಬಳೇ ಹೇಗೆ ಬರುವುದು ಅನ್ನುತ್ತಾಳೆ. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿದರೆ ಒಂದು ವಿಮಾನದಿಂದ ಇನ್ನೊಂದಕ್ಕೆ ಅವರೇ ಕರೆದುಕೊಂಡು ಹೋಗಿ ಕೂರಿಸುತ್ತಾರೆ. ನಾನೂ ಹಾಗೇ ಬಂದೆ. ನನ್ನ ಇಂಗ್ಲಿಷ್ ಎಷ್ಟು ಅಂತ ನಿಮಗೆ ಗೊತ್ತೇ ಇದೆ.

ಅಕ್ಕಾ, ಶುಗರ್ ಮಾತ್ರೆ ಎಷ್ಟು ಉಳಿದಿದೆ, ಇವತ್ತೇ ಎಣಿಸು. ಆರು ತಿಂಗಳಿಗೆ ಅಂತ ತಾನೇ ಒಯ್ದಿದ್ದು? ಅಕ್ಟೋಬರ್‌ವರೆಗೆ ಸಾಲುವುದಿಲ್ಲ. ಅಲ್ಲಿ ಡಾಕ್ಟರ್ ಚೀಟಿ ಇಲ್ಲದೆ ಅಂಗಡಿಯಲ್ಲಿ ಕೊಡುವುದಿಲ್ಲ. ಇನ್ಶೂರೆನ್ಸ್ ಕೂಡ ಆರು ತಿಂಗಳಿಗೇ ಮಾಡಿಸಿರುತ್ತೀರಿ, ಅದು ಮುಗಿಯುವ ಮೊದಲೇ ಮುಂದುವರಿಸಿ. ಮುಂಚಿನಿಂದ ಇರುವ ಶುಗರ್, ಬಿಪಿಗೆಲ್ಲ ಆ ಇನ್ಶೂರೆನ್ಸ್ ಸಾಮಾನ್ಯವಾಗಿ ಕೊಡುವುದಿಲ್ಲ. ನಿನ್ನ ಶುಗರ್ ಏರುತ್ತಿದ್ದರೆ, ಮಗುವನ್ನು ಎತ್ತಿಕೊಂಡು ಕೈ ನೋವು ಅನ್ನುತ್ತಿದ್ದರೆ, ಅದನ್ನು ಮುಚ್ಚಿಡದೆ ಮಗಳಿಗೆ ಹೇಳು. ಆಗ ಅರ್ಜಿಯೂ ಬೇಡ, ಇಬ್ಬರೂ ಬಂದುಬಿಡಿ. ಆ ಎರಡು ತಿಂಗಳಿಗೆ ಬೀಗರನ್ನು ಕಳಿಸೋಣ. ಅವರ ವೀಸಾ ಇನ್ನೂ ಇದೆ, ಹೋಗಲು ಅವರಿಗೂ ಆಸೆ ಇದೆ.

ನಾಳೆ ಬೆಳಿಗ್ಗೆ ಆರೂವರೆಗೆ ಕುಂದುವಾಡ ಕೆರೆಗೆ ವಾಕಿಂಗ್ ಹೋದಾಗ ಫೋನ್ ಮಾಡುತ್ತೇನೆ. ನಿಮಗೆ ಆಗ ರಾತ್ರಿ ಒಂಬತ್ತು ಗಂಟೆ. ಅಳಿಯಂದಿರನ್ನು ಪಕ್ಕದಲ್ಲಿ ಕೂರಿಸಿಕೊಂಡಿರು. ಐ-94 ಪ್ರಿಂಟ್, ಇಬ್ಬರ ಪಾಸ್‌ಪೋರ್ಟ್, ನಿನ್ನ ಮಾತ್ರೆ ಡಬ್ಬಿ, ಮೂರೂ ಕೈಯಲ್ಲಿರಲಿ.