ಪೂಜೆಗೆ ಕೂತಾಗಲೇ ಬರುವ ಬೈಗುಳ

ಪ್ರಶ್ನೆ: ಮೇಡಂ, ದೇವರ ಮುಂದೆ ದೀಪ ಹಚ್ಚುವಾಗ ದೇವರನ್ನೇ ಬೈಯುವ ಹೊಲಸು ಮಾತು ಮನಸ್ಸಿಗೆ ಬರುತ್ತದೆ. ಕೂಡಲೇ ಕೆನ್ನೆ ಬಡಿದುಕೊಂಡು, ತಪ್ಪುಕಾಣಿಕೆ ಎತ್ತಿಟ್ಟು, ಸ್ತೋತ್ರವನ್ನು ಮೊದಲಿನಿಂದ ಹೇಳುತ್ತೇನೆ. ಹತ್ತು ನಿಮಿಷದ ಪೂಜೆ ಈಗ ಒಂದೂವರೆ ಗಂಟೆಯಾಗಿದೆ. ಈ ಯೋಚನೆ ನಿಲ್ಲಿಸುವುದು ಹೇಗೆ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ನಿಲ್ಲಿಸಲು ಹೊರಟಷ್ಟೂ ಅದು ಗಟ್ಟಿಯಾಗುತ್ತದೆ. ಮದ್ದು ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದ ವೈದ್ಯನ ಕಥೆ ನಿಮಗೂ ಗೊತ್ತಲ್ಲ. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗವೂ ಇಂಥದ್ದೇ. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದಾಗ ಜನ ಮತ್ತೆ ಮತ್ತೆ ಗಂಟೆ ಬಾರಿಸಿದರು. ಹಾಗಾಗಿ ಕೈಗೆ ರಬ್ಬರ್ ಬ್ಯಾಂಡ್ ಹಾಕಿ ಎಳೆದುಬಿಡುವುದು, ಮನಸ್ಸಿನಲ್ಲೇ 'ನಿಲ್ಲು' ಎಂದು ಕೂಗುವುದು, ಇವನ್ನೆಲ್ಲ ಬಿಡಿ.

ಇಂಥ ಯೋಚನೆ ಕಾಯಿಲೆ ಇಲ್ಲದ ಹೆಚ್ಚಿನವರಿಗೂ ಬಂದುಹೋಗುತ್ತದೆ. ದೇವರ ಗೊಡವೆಯೇ ಇಲ್ಲದವನಿಗೆ ಬಂದರೆ ಹಾಗೇ ಜಾರಿಹೋಗುತ್ತದೆ, ಭಕ್ತಿ ಇರುವವರಿಗೆ ಅಂಟಿಕೊಳ್ಳುತ್ತದೆ. ಅದನ್ನು ಅಂಟಿಸುವುದು ಆಮೇಲಿನ ಪ್ರಾಯಶ್ಚಿತ್ತ. ಕೆನ್ನೆ ಬಡಿದುಕೊಂಡಾಗ ಎರಡು ನಿಮಿಷ ಸಮಾಧಾನ ಸಿಗುತ್ತದೆ. 'ನಿಜವಾಗಿಯೂ ಅಪಾಯವಿತ್ತು, ಹೀಗೆ ಮಾಡಿದ್ದರಿಂದ ತಪ್ಪಿತು' ಎಂದು ಮಿದುಳು ಕಲಿಯುತ್ತದೆ, ಮುಂದಿನ ಸಲ ಇನ್ನೂ ಜೋರಾಗಿ ಎಚ್ಚರಿಸುತ್ತದೆ. ಗೀಳು ಕಾಯಿಲೆ (ಒಸಿಡಿ) ಬೆಳೆಯುವುದೇ ಹೀಗೆ.

ಸ್ತೋತ್ರವನ್ನು ಒಂದೇ ಸಲ ಹೇಳಿ. ಮೂರನೇ ಸಾಲಿನಲ್ಲಿ ಬೈಗುಳ ಬಂದರೆ ನಾಲ್ಕನೆಯದಕ್ಕೆ ಹೋಗಿ, ಹಿಂದಕ್ಕೆ ಬೇಡ. ಬೈಗುಳವೂ ಇರಲಿ, ಸ್ತೋತ್ರವೂ ನಡೆಯಲಿ. ಕೆನ್ನೆ ಬಡಿಯುವುದನ್ನು ಒಮ್ಮೆಗೇ ಬಿಡಲಾಗದಿದ್ದರೆ ಮೊದಲ ವಾರ ಹತ್ತು ನಿಮಿಷ ಮುಂದೂಡಿ, ಎರಡನೇ ವಾರ ಅರ್ಧ ಗಂಟೆ, ಆಮೇಲೆ ಪೂರ್ತಿ ಬಿಡಿ. ತಪ್ಪುಕಾಣಿಕೆಯ ಡಬ್ಬಿ ದೇವರ ಮನೆಯಿಂದ ಆಚೆ ಹೋಗಲಿ. ತಳಮಳಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿ, ಪೂಜೆ ಮುಗಿದಾಗೊಮ್ಮೆ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಬರೆದಿಡಿ. ಏನೂ ಮಾಡದಿದ್ದರೂ ಅಂಕ ತಾನಾಗಿ ಇಳಿಯುವುದು ಸಾಮಾನ್ಯವಾಗಿ ಕೆಲವು ದಿನಗಳಲ್ಲೇ ಕಾಣುತ್ತದೆ. ಆದರೆ ಶುರುವಿನ ದಿನಗಳಲ್ಲಿ ತಳಮಳ ಹೆಚ್ಚುವುದೇ ಸಹಜ. ಬಹಳ ಜನ ಅಲ್ಲೇ ಹೆದರಿ ಬಿಟ್ಟುಬಿಡುತ್ತಾರೆ.

ಪ್ರಶ್ನೆ: ಕೆನ್ನೆ ಬಡಿಯುವುದನ್ನು ಬಿಟ್ಟು ಎರಡು ವಾರವಾಯ್ತು, ಆದರೂ ತಳಮಳ ಇಳಿದಿಲ್ಲ. 'ಇದು ಬರೀ ಗೀಳು' ಎಂದು ಹೇಳಿಕೊಳ್ಳುತ್ತಲೇ ಇರುತ್ತೇನೆ.

ಉತ್ತರ: ಆ ವಾಕ್ಯವೇ ಈಗ ನಿಮ್ಮ ಹೊಸ ಕೆನ್ನೆಬಡಿತ. ಒಮ್ಮೆ ಹೇಳಿದರೆ ತಿಳಿವಳಿಕೆ, ಇಪ್ಪತ್ತು ಸಲ ಹೇಳಿದರೆ ಜಪ. ದೀರ್ಘ ಉಸಿರು, ಗೂಗಲ್‌ನಲ್ಲಿ ಹುಡುಕುವುದು, 'ನನಗೆ ಪಾಪ ತಟ್ಟುತ್ತಾ?' ಎಂದು ಮನೆಯವರನ್ನು ಕೇಳುವುದು, ಇವೂ ಅಷ್ಟೇ. ಹೊರಗೆ ಕಾಣದ ಪ್ರಾಯಶ್ಚಿತ್ತವೇ ಹಿಡಿಯಲು ಕಷ್ಟ. ಮನೆಯವರು ಉತ್ತರ ಕೊಡುವುದನ್ನು ನಿಲ್ಲಿಸಿ, 'ಕಷ್ಟ ಆಗ್ತಿದೆ ಅಂತ ಗೊತ್ತು, ಇದಕ್ಕೆ ಮಾತ್ರ ಉತ್ತರ ಹೇಳಲ್ಲ' ಎನ್ನಲಿ. ಇದನ್ನು ನೀವೂ ಮನೆಯವರೂ ಮೊದಲೇ ಮಾತಾಡಿಕೊಂಡಿರಬೇಕು, ಇಲ್ಲದಿದ್ದರೆ ಜಗಳವಾಗುತ್ತದೆ.

ಇನ್ನೊಂದು ಮಾತು. ಹೀಗೆ ಪ್ರಾಯಶ್ಚಿತ್ತ ಬಿಡಿಸುವ ಚಿಕಿತ್ಸೆಯಲ್ಲಿ ದೇವರನ್ನು ಬಾಯಾರೆ ಬೈಯಿಸುತ್ತಾರೆ ಎಂದು ಹೆದರಿ ಬಾರದವರಿದ್ದಾರೆ. ಅದರ ಅಗತ್ಯವಿಲ್ಲ. ನಿಮ್ಮ ಆಚಾರದ ಮೇರೆಯೊಳಗೇ, ಹೆದರಿಕೆಗೆ ಸ್ವಲ್ಪಸ್ವಲ್ಪವಾಗಿ ಎದುರಾಗುವ ಮೆಟ್ಟಿಲುಗಳನ್ನು ಹಾಕಿಕೊಳ್ಳಬಹುದು.

ಪ್ರಶ್ನೆ: ತಂಗಿ ಎರಡು ತಿಂಗಳ ಬಾಣಂತಿ. ಈಳಿಗೆಮಣೆ ಕಂಡರೆ ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಎಂದು ಅಳುತ್ತಾಳೆ. ಅಮ್ಮ ಅದನ್ನು ಅಟ್ಟಕ್ಕೆ ಹಾಕಿದ್ದಾರೆ. ಮಗುವನ್ನು ಅವಳ ಹತ್ತಿರ ಬಿಡಬಹುದೇ?

ಉತ್ತರ (ಮನೋವೈದ್ಯರು): ಮೊದಲು ಕೆಲವು ವಿಷಯ ವಿಚಾರಿಸಿ. ಯೋಚನೆ ಬಂದಾಗ ಅವಳೇ ಬೆಚ್ಚಿಬಿದ್ದು ದೂರ ಸರಿಯುತ್ತಾಳಾ? ಹಾಗಿದ್ದರೆ ಅದು ಹೆಚ್ಚಾಗಿ ಗೀಳು, ಹೆರಿಗೆಯಾದವರಲ್ಲಿ ಅಪರೂಪವೇನಲ್ಲ, ಯೋಚನೆ ಬಂದಮಾತ್ರಕ್ಕೆ ಅವಳು ಹಾಗೆ ಮಾಡುತ್ತಾಳೆ ಎಂದಲ್ಲ. ಆದರೆ ಯಾರೋ ಕಿವಿಯಲ್ಲಿ ಹೇಳಿದಂತಾಗುವುದು, ಮಗುವಿನೊಳಗೆ ಬೇರೇನೋ ಹೊಕ್ಕಿದೆ ಎಂಬ ನಂಬಿಕೆ, ಮಗು ಮಲಗಿದರೂ ತನಗೆ ನಿದ್ದೆಯೇ ಬೇಡವಾಗುವುದು, ತಾನೇ ಸಾಯುವ ಮಾತು, ಇವುಗಳಲ್ಲಿ ಯಾವುದೇ ಇದ್ದರೂ ಮಗುವಿನೊಂದಿಗೆ ಒಂಟಿಯಾಗಿ ಬಿಡಬೇಡಿ, ಇವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಅನುಮಾನವಿದ್ದರೂ ತೋರಿಸಿಯೇ ತೀರ್ಮಾನಿಸಿ.

ಗೀಳೇ ಎಂದು ವೈದ್ಯರು ಖಚಿತಪಡಿಸಿದ ಮೇಲೆ ಈಳಿಗೆಮಣೆ ಅಟ್ಟದಿಂದ ಇಳಿಯಬೇಕು. ಮೊದಲು ಅಡುಗೆಮನೆಯ ಮೂಲೆಗೆ. ಆಮೇಲೆ ಅಮ್ಮ ಜೊತೆಗಿದ್ದಾಗ ಅವಳು ಹುರುಳಿಕಾಯಿ ಹೆಚ್ಚಲಿ, ತೊಟ್ಟಿಲು ಪಕ್ಕದ ಕೋಣೆಯಲ್ಲಿರಲಿ. ಕೊನೆಗೆ ತೊಟ್ಟಿಲು ಕಣ್ಣೆದುರಿಗೇ ಬರಲಿ. ಮಗುವಿನ ಸ್ನಾನ, ಹಾಲು ಯಾವುದನ್ನೂ ಅವಳಿಂದ ಕಿತ್ತುಕೊಳ್ಳಬೇಡಿ.

ಮಾತ್ರೆ ಬೇಕಾದರೆ ಹಾಲುಣಿಸುವವರಿಗೆ ಸಾಮಾನ್ಯವಾಗಿ ಸರ್ಟ್ರಾಲಿನ್ ಆರಿಸುತ್ತೇವೆ, ಹಾಲಿಗೆ ಸೇರುವ ಪ್ರಮಾಣ ಕಡಿಮೆ. ಖಿನ್ನತೆಗಿಂತ ಗೀಳಿಗೆ ಹೆಚ್ಚಿನ ಡೋಸ್ ಬೇಕಾಗುವುದುಂಟು. ಪೂರ್ಣ ಪರಿಣಾಮಕ್ಕೆ 8ರಿಂದ 12 ವಾರ ಹಿಡಿಯುತ್ತದೆ, ಮೂರನೇ ವಾರಕ್ಕೇ 'ಕೆಲಸ ಮಾಡಲಿಲ್ಲ' ಎಂದು ಬಿಡಬೇಡಿ. ಗುಣ ಕಂಡ ಮೇಲೂ ಕನಿಷ್ಠ ಒಂದೆರಡು ವರ್ಷ ಮುಂದುವರಿಸಿ, ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು. ಬರೀ ನಿದ್ದೆ ಮಾತ್ರೆಯಿಂದ ಗೀಳು ಹೋಗದು.

ಪ್ರಶ್ನೆ: ನಮ್ಮೂರಲ್ಲಿ ಯಾರೂ ಇಲ್ಲ. ಎಲ್ಲಿ ತೋರಿಸೋದು?

ಉತ್ತರ: ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಶುರು ಮಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳಿಗೆಂದೇ ಕ್ಲಿನಿಕ್ ಇದೆ, ಧಾರವಾಡದ ಕಡೆಯವರಿಗೆ ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹೊತ್ತಲ್ಲದ ಹೊತ್ತಿನಲ್ಲೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆಪ್ತಸಮಾಲೋಚಕರನ್ನು ಹುಡುಕುವಾಗ 'ಇಆರ್‌ಪಿ ಮಾಡಿಸ್ತೀರಾ?' ಎಂದು ನೇರವಾಗಿ ಕೇಳಿ. ಯೋಚನೆಗೆ ಎದುರಾಗಿ ನಿಂತು ಪ್ರಾಯಶ್ಚಿತ್ತ ಬಿಡುವ ಚಿಕಿತ್ಸೆಗೆ ಆ ಹೆಸರು. ಸಾಮಾನ್ಯವಾಗಿ 12ರಿಂದ 20 ಭೇಟಿ ಬೇಕು. ಪ್ರತಿ ಭೇಟಿಯಲ್ಲೂ ಬರೀ ಬಾಲ್ಯದ ವಿಷಯ ಕೆದಕಿ, ಮನೆಗೆ ಅಭ್ಯಾಸವನ್ನೇ ಕೊಡದಿದ್ದರೆ ಬೇರೆಯವರನ್ನು ನೋಡಿ.