ಬಾಡಿಗೆದಾರರ ನಾಯಿಗೆ ಥೆರಪಿಸ್ಟ್ ಪತ್ರ ಇದೆ, ಮನೆ ಓನರ್ ಏನು ಮಾಡಬೇಕು? (ಕ್ಯಾಲಿಫೋರ್ನಿಯಾ)

ಟ್ರೇಸಿ ಓನರ್:

ಎಲ್ಲರಿಗೂ ನಮಸ್ಕಾರ. ಟ್ರೇಸಿಯಲ್ಲಿ ನಮ್ಮದೊಂದು ಮನೆ ಬಾಡಿಗೆಗಿದೆ, ನಾವಿರುವುದು ಫ್ರೀಮಾಂಟ್‌ನಲ್ಲಿ. ಸಾಕುಪ್ರಾಣಿ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಲೀಸ್‌ನಲ್ಲೇ ಇದೆ, ಸಹಿಯೂ ಆಗಿದೆ. ಈಗ ಬಾಡಿಗೆದಾರರು ಎಮೋಷನಲ್ ಸಪೋರ್ಟ್ ನಾಯಿ (ಮಾನಸಿಕ ತೊಂದರೆ ಇರುವವರಿಗೆ ಜೊತೆಯಲ್ಲಿದ್ದು ನೆಮ್ಮದಿ ಕೊಡುವ ನಾಯಿ) ತರುತ್ತೇವೆ ಅಂತ ಇಮೇಲ್ ಕಳಿಸಿದ್ದಾರೆ. ಜೊತೆಗೆ ಥೆರಪಿಸ್ಟ್ ಒಬ್ಬರ ಪತ್ರ. ನಾಯಿ ಪಿಟ್‌ಬುಲ್ ಮಿಕ್ಸ್. ಮರದ ನೆಲ ಹೋದ ವರ್ಷವಷ್ಟೇ ಹಾಕಿಸಿದ್ದು, ಉಗುರಿನ ಗೀರು ಬಿದ್ದರೆ ಗತಿ ಏನು ಅನ್ನುವ ಚಿಂತೆ. ಆಗಲ್ಲ ಅನ್ನಬಹುದಾ? 500 ಡಾಲರ್ ಪೆಟ್ ಡಿಪಾಸಿಟ್ ಕೇಳಬಹುದಾ? ಅವರಿಗೆ ಏನು ತೊಂದರೆ ಅಂತ ವಿಚಾರಿಸಬಹುದಾ? ಜನ ಒಳ್ಳೆಯವರು, ಬಾಡಿಗೆ ಒಂದು ದಿನವೂ ತಡ ಮಾಡಿಲ್ಲ. ಜಗಳ ಬೇಡ.

ಹಾಸನದವ:

ನಿಮ್ಮದು ಒಂಟಿ ಮನೆ ಅಲ್ವಾ? ಫೆಡರಲ್ ಫೇರ್ ಹೌಸಿಂಗ್ ಕಾನೂನಿನಲ್ಲಿ (ಮನೆ ಕೊಡುವಾಗ ತಾರತಮ್ಯ ಮಾಡಬಾರದು ಅನ್ನುವ ಕಾನೂನು) ಸಣ್ಣ ಓನರ್‌ಗಳಿಗೆ ವಿನಾಯಿತಿ ಇದೆ. ಮೂರಕ್ಕಿಂತ ಜಾಸ್ತಿ ಮನೆ ಇರಬಾರದು, ಬ್ರೋಕರ್ ಇಲ್ಲದೆ ನೀವೇ ಕೊಟ್ಟಿರಬೇಕು, ಅಷ್ಟೇ. ಸುಮ್ನೆ ಆಗಲ್ಲ ಅಂತ ಬರೆದು ಕಳಿಸಿ.

ಮಲೆನಾಡ ಮಗಳು:

ಟ್ರೇಸಿ ಸರ್, ದಯವಿಟ್ಟು ಹಾಗೆ ಬರೆಯಬೇಡಿ. ನಾನು ಇಲ್ಲಿ ಬಾಡಿಗೆ ಮನೆಗಳ ಮ್ಯಾನೇಜ್‌ಮೆಂಟ್ ಕೆಲಸ ಮಾಡುತ್ತೇನೆ, ಇಂಥ ಇಮೇಲ್ ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಹಾಸನದವರು ಹೇಳಿದ ವಿನಾಯಿತಿ ಫೆಡರಲ್ ಕಾನೂನಿನಲ್ಲಿ ಇರುವುದು ನಿಜ. ಆದರೆ ಕ್ಯಾಲಿಫೋರ್ನಿಯಾದ ಸ್ವಂತ ಕಾನೂನು ಅದನ್ನು ಕೊಡುವುದಿಲ್ಲ. ಓನರ್ ತಾನೇ ಇರುವ ಮನೆಯಲ್ಲಿ ಒಬ್ಬರಿಗೆ ಒಂದು ರೂಮು ಕೊಟ್ಟಿದ್ದರೆ ಮಾತ್ರ ಬೇರೆ ಮಾತು. ನಿಮ್ಮ ಮನೆಗೆ ರಾಜ್ಯದ ಕಾನೂನು ಪೂರ್ತಿ ಅನ್ವಯಿಸುತ್ತದೆ.

ಮೊದಲು ಒಂದು ವಿಷಯ ಮನಸ್ಸಿಗೆ ತಂದುಕೊಳ್ಳಿ. ಕಾನೂನಿನ ಕಣ್ಣಲ್ಲಿ ಈ ನಾಯಿ ಸಾಕುಪ್ರಾಣಿ ಅಲ್ಲ. ಅಂಗವೈಕಲ್ಯ ಇರುವವರು ಸ್ನಾನದ ಮನೆಗೆ ಹಿಡಿಕೆ ಹಾಕಿಸಿಕೊಳ್ಳುತ್ತೇವೆ ಅಂದರೆ ಹೇಗೆ ನೋಡುತ್ತೀರೋ ಹಾಗೆ ನೋಡಬೇಕು. ಹಾಗಾಗಿ ಲೀಸ್‌ನ ಆ ಸಾಲು ಇಲ್ಲಿ ನಡೆಯುವುದಿಲ್ಲ. ಪೆಟ್ ಡಿಪಾಸಿಟ್, ತಿಂಗಳ ಪೆಟ್ ರೆಂಟ್ ಎರಡೂ ಕೇಳುವಂತಿಲ್ಲ. ತಳಿ, ತೂಕ ನೋಡಿ ಬೇಡ ಅನ್ನುವಂತೆಯೂ ಇಲ್ಲ. ಈ ನಾಯಿಯೇ ಯಾರನ್ನಾದರೂ ಕಚ್ಚಿದ್ದಕ್ಕೆ ಪುರಾವೆ ಇದ್ದರೆ ಮಾತಾಡಬಹುದು. ಪಿಟ್‌ಬುಲ್ ಅನ್ನುವ ಹೆಸರಿನ ಭಯ ಪುರಾವೆ ಆಗುವುದಿಲ್ಲ. ಟ್ರೇನಿಂಗ್ ಆಗಿದೆಯಾ ಅನ್ನುವುದು ಸರ್ವಿಸ್ ನಾಯಿಗೆ (ಅಂಗವೈಕಲ್ಯ ಇರುವವರಿಗೆ ನಿರ್ದಿಷ್ಟ ಕೆಲಸ ಮಾಡಿಕೊಡಲು ಕಲಿಸಿದ ನಾಯಿಗೆ) ಕೇಳುವ ಪ್ರಶ್ನೆ. ಸಪೋರ್ಟ್ ನಾಯಿಗೆ ಅದು ಬೇಕಿಲ್ಲ.

ಏನು ಕಾಯಿಲೆ ಅಂತ ಕೇಳಲೇಬೇಡಿ. ತೊಂದರೆ ಕಣ್ಣಿಗೆ ಕಾಣದಿದ್ದರೆ ನಿಮಗೆ ಬೇಕಾದದ್ದು ಎರಡೇ ಮಾತು: ಅವರಿಗೆ ಅಂಗವೈಕಲ್ಯ ಇದೆ, ಅದಕ್ಕೆ ಈ ಪ್ರಾಣಿಯ ಅಗತ್ಯ ಇದೆ. ಪತ್ರದಲ್ಲಿ ಅವೆರಡು ಇದ್ದರೆ ಸಾಕು.

ಪತ್ರವನ್ನು ಸರಿಯಾಗಿ ಓದುವ ಹಕ್ಕು ಮಾತ್ರ ನಿಮಗೆ ಖಂಡಿತ ಇದೆ. 2022ರ ಜನವರಿ 1ರಿಂದ ಎಬಿ 468 ಅನ್ನುವ ರಾಜ್ಯದ ಕಾನೂನು ಜಾರಿಯಲ್ಲಿದೆ. ಸಪೋರ್ಟ್ ನಾಯಿಗೆ ಪತ್ರ ಕೊಡುವವರ ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಅದರ ನಂಬರು, ಶುರುವಾದ ದಿನ, ಯಾವ ರಾಜ್ಯದ್ದು, ಎಂಥ ಲೈಸೆನ್ಸ್ ಎಲ್ಲಾ ಪತ್ರದಲ್ಲೇ ಇರಬೇಕು. ಪತ್ರ ಬರೆಯುವ ಮೊದಲು ಕನಿಷ್ಠ 30 ದಿನ ಆ ವ್ಯಕ್ತಿ ಅವರ ಹತ್ತಿರ ಬರುತ್ತಿರಬೇಕು (ಮನೆ ಇಲ್ಲದವರಿಗೆ ಈ 30 ದಿನದ ನಿಯಮ ಇಲ್ಲ). ರಾಜ್ಯದ ಕನ್ಸೂಮರ್ ಅಫೇರ್ಸ್ ವೆಬ್‌ಸೈಟ್‌ನಲ್ಲಿ ಲೈಸೆನ್ಸ್ ನಂಬರು ಹಾಕಿದರೆ ತಕ್ಷಣ ಗೊತ್ತಾಗುತ್ತದೆ. ಏನಾದರೂ ಬಿಟ್ಟುಹೋಗಿದ್ದರೆ ತಳ್ಳಿಹಾಕಬೇಡಿ, ಇಂಥದ್ದು ಬೇಕು ಅಂತ ಬರೆದು ಕೇಳಿ. ತಡ ಮಾಡಬೇಡಿ, ಉತ್ತರ ಕೊಡದೆ ಎಳೆಯುವುದೂ ನಿರಾಕರಿಸಿದ ಲೆಕ್ಕಕ್ಕೇ ಬರಬಹುದು. ಅವರು ಸಿವಿಲ್ ರೈಟ್ಸ್ ಡಿಪಾರ್ಟ್‌ಮೆಂಟ್‌ಗೆ (ತಾರತಮ್ಯದ ದೂರು ನೋಡುವ ರಾಜ್ಯದ ಇಲಾಖೆ) ದೂರು ಕೊಟ್ಟರೆ ನೀವು ಕಟ್ಟುವ ದುಡ್ಡು ಒಂದು ನೆಲದ ಖರ್ಚಿಗೆ ನಿಲ್ಲುವುದಿಲ್ಲ.

ಅಭಿಯ ಅಮ್ಮ:

ನಾನೂ ಬಾಡಿಗೆ ಮನೆಯಲ್ಲೇ ಇರುವವಳು, ಆ ಕಡೆಯಿಂದ ಹೇಳುತ್ತೇನೆ. ಮಗನಿಗೆ ಆಟಿಸಂ. ಮಿಕ್ಸಿ ಸದ್ದಿಗೆ, ಸ್ಮೋಕ್ ಅಲಾರಂಗೆ ಅವನು ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಡುತ್ತಾನೆ. ನಮ್ಮ ಲ್ಯಾಬ್ರಡಾರ್ ಬಂದು ಅವನ ತೊಡೆಯ ಮೇಲೆ ಅಡ್ಡ ಮಲಗುತ್ತದೆ. ಆ ಭಾರಕ್ಕೆ ಅವನ ಉಸಿರು ನಿಧಾನವಾಗಿ ಹತೋಟಿಗೆ ಬರುವುದನ್ನು ನೋಡಿದ್ದೇನೆ. ಮೊದಲು ನಮ್ಮಿಂದ ಆಗದ ಕೆಲಸ ಅದು.

ಹಿಂದಿನ ಅಪಾರ್ಟ್‌ಮೆಂಟ್‌ನ ಮ್ಯಾನೇಜರ್ ಮಗನ ಪೂರ್ತಿ ಮೆಡಿಕಲ್ ರಿಪೋರ್ಟ್ ಕೇಳಿದರು. ನಾಯಿಯ ರಿಜಿಸ್ಟ್ರೇಷನ್ ಕಾರ್ಡ್ ಬೇರೆ ಬೇಕಂತೆ. ಸಪೋರ್ಟ್ ನಾಯಿಗೆ ಅಂಥ ಫೆಡರಲ್ ರಿಜಿಸ್ಟ್ರಿ ಯಾವುದೂ ಇಲ್ಲ. ಆನ್‌ಲೈನ್‌ನಲ್ಲಿ ದುಡ್ಡು ಕೊಟ್ಟರೆ ಸಿಗುವ ಕಾರ್ಡಿಗೂ, ನಾಯಿಗೆ ತೊಡಿಸುವ ಜಾಕೆಟ್‌ಗೂ ಬೆಲೆಯಿಲ್ಲ. ಅಂಥವುಗಳಿಂದಲೇ ನಮ್ಮಂಥವರ ನಿಜವಾದ ಪತ್ರವನ್ನೂ ಜನ ಅನುಮಾನದಿಂದ ನೋಡುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೆ. ಟ್ರೇಸಿ ಸರ್, ಬಾಡಿಗೆದಾರರು ನಾಯಿ ತರುವ ಮುಂಚೆಯೇ ಕೇಳಿದ್ದಾರೆ, ಕದ್ದು ತಂದಿಲ್ಲ. ಇದನ್ನು ಗಮನಿಸಿ.

ಟ್ರೇಸಿ ಓನರ್:

ಮೇಡಂ, ತುಂಬಾ ಉಪಕಾರವಾಯಿತು. ಲೈಸೆನ್ಸ್ ನೋಡಿದೆ, ಚಾಲ್ತಿಯಲ್ಲಿದೆ. ಪತ್ರದಲ್ಲಿ ಎಲ್ಲಾ ಸರಿಯಾಗಿದೆ. ಒಪ್ಪಿಗೆ ಕೊಡುತ್ತೇನೆ. ನೆಲ ಹಾಳಾದರೆ ಮಾತ್ರ ಏನು ಮಾಡುವುದು?

ಮಲೆನಾಡ ಮಗಳು:

ಒಳ್ಳೆಯದಾಯಿತು ಸರ್. ಒಪ್ಪಿಗೆಯನ್ನು ಇಮೇಲ್‌ನಲ್ಲೇ ಕೊಡಿ. ನಾಯಿ ಹತೋಟಿಯಲ್ಲಿರಬೇಕು, ಹಿತ್ತಲಿನ ಹೊಲಸು ಅವರೇ ಎತ್ತಬೇಕು, ರಾತ್ರಿ ಬೊಗಳಾಟ ಇರಬಾರದು ಅಂತ ಬರೆಯಬಹುದು, ತಪ್ಪಿಲ್ಲ. ಹಾಳು ಮಾಡಿದರೆ ಅದರ ಖರ್ಚು ಕೊಡಬೇಕಾದವರು ಅವರೇ. ಓಡಾಟದ ಸಣ್ಣ ಸವೆತಕ್ಕೆ ದುಡ್ಡು ಹಿಡಿಯುವಂತಿಲ್ಲ. ಆಳವಾದ ಗೀರು, ಉಚ್ಚೆಯಿಂದ ಕಪ್ಪಾದ ಹಲಗೆ ಇದ್ದರೆ ಈಗಿರುವ ಸೆಕ್ಯೂರಿಟಿ ಡಿಪಾಸಿಟ್‌ನಲ್ಲಿ ಕಳೆಯಬಹುದು. ಅವರು ಮನೆ ಬಿಟ್ಟ 21 ದಿನದೊಳಗೆ ಲೆಕ್ಕ ಕೊಡಬೇಕು, ಬಿಲ್ಲು ಇಟ್ಟುಕೊಳ್ಳಿ. ಈಗ ಫೋಟೊ ಕೂಡ ಕಾನೂನಿನ ಮಾತೇ: 2025ರ ಜುಲೈ 1ರಂದು ಅಥವಾ ಆಮೇಲೆ ಶುರುವಾದ ಬಾಡಿಗೆಗೆ ಆರಂಭದಲ್ಲೇ ತೆಗೆದಿರಬೇಕು, ಖಾಲಿ ಮಾಡಿದ ಮೇಲೆ ಎಲ್ಲರಿಗೂ ಕಡ್ಡಾಯ. ನಿಮ್ಮ ಲೀಸ್ ಅದಕ್ಕಿಂತ ಹಳೆಯದಾದರೂ ಅವರನ್ನೇ ಕೇಳಿ ಒಂದು ದಿನ ಹೋಗಿ. ಇಬ್ಬರೂ ಇದ್ದಾಗ ಪ್ರತಿ ರೂಮಿನ ನೆಲದ ಫೋಟೊ ತೆಗೆದು ಅವರಿಗೂ ಒಂದು ಪ್ರತಿ ಕಳಿಸಿ. ನಾಯಿ ಬರುವ ಮುಂಚೆ ಆಗಲಿ.