ಬೇಲಿ ಬುಡದಲ್ಲಿ ಕೂರದೇ ಹಾರೋ ಬಿಳಿ ಚಿಟ್ಟೆ ಯಾವ್ದು?

ಬೇಲಿಹೂ:
ನಮ್ಮದು ಸಾಗರದ ಹತ್ರ. ಒಂದು ವಾರದಿಂದ ಹಿತ್ಲ ಬೇಲಿ ಬುಡದಲ್ಲಿ ಒಂದು ಪುಟ್ಟ ಬಿಳಿ ಚಿಟ್ಟೆ ಓಡಾಡ್ತಿದೆ, ಮೊಣಕಾಲಿಗಿಂತ ಮೇಲೆ ಏರೋದೇ ಇಲ್ಲ, ಕೂರೋದೂ ಇಲ್ಲ, ಮೊಬೈಲ್ ಹಿಡ್ಕೊಂಡು ಅದ್ರ ಹಿಂದೆ ಅಲೆದು ತೆಗೆದಿದ್ದು 15 ಫೋಟೊ, 14ರಲ್ಲಿ ಬರೀ ಹುಲ್ಲು. ಉಳಿದ ಒಂದ್ರಲ್ಲಿ ಮುಂದಿನ ರೆಕ್ಕೆ ಮೇಲೆ ಕಪ್ಪು ಚುಕ್ಕೆ ಕಾಣ್ತದೆ. ಪಕ್ಕದಲ್ಲೇ ಕೋಸಿನ ಮಡಿ ಇದೆ, ಅದಕ್ಕೆ ಬೀಳೋ ಹುಳದ್ದಾ ಇದು?

ಮಳೆಗಾಳಿ:
ಕ್ಯಾಬೇಜ್ ವೈಟ್ ಇರ್ಬೇಕು, ಅದೇ ಕೋಸು ತಿನ್ನೋ ಹುಳದ ಬಿಳಿ ಚಿಟ್ಟೆ. ಬಿಳಿ, ಕಪ್ಪು ಚುಕ್ಕೆ, ಎರಡೂ ಸರಿಹೋಯ್ತಲ್ಲ.

ಹುಳಹುಪ್ಪಟೆ:
ಅಲ್ಲ ಮಾರಾಯ್ರೆ, ಚುಕ್ಕೆಗಿಂತ ಮೊದ್ಲು ಹಾರಾಟ ನೋಡಿ. ಹರಿದ ಕಾಗದದ ಚೂರು ಗಾಳಿಗೆ ತೂರಾಡ್ದಂಗೆ ನೆಲದ ಹತ್ರಾನೇ, ನೆರಳಲ್ಲಿ ನಿಧಾನಕ್ಕೆ ಹೋಗ್ತಿದ್ರೆ ಅದು ಸೈಕಿ ಅನ್ನೋ ಚಿಟ್ಟೆ, ವೈಜ್ಞಾನಿಕ ಹೆಸ್ರು ಲೆಪ್ಟೋಸಿಯಾ ನೀನಾ. 1793ರಲ್ಲಿ ಫ್ಯಾಬ್ರಿಷಿಯಸ್ ಅನ್ನೋ ಕೀಟಶಾಸ್ತ್ರಜ್ಞ ವಿವರಿಸಿದ್ದು. ಗುಂಡನೆ ರೆಕ್ಕೆ, ಮುಂದಿನ ರೆಕ್ಕೆಲಿ ಮಾತ್ರ ಒಂದು ದೊಡ್ಡ ಚುಕ್ಕೆ, ತುದೀಲಿ ಸ್ವಲ್ಪ ಕಪ್ಪು, ಹಿಂದಿನ ರೆಕ್ಕೆ ಮೇಲ್ಗಡೆ ಪೂರ್ತಿ ಬಿಳಿ. ಕೂತಾಗ ರೆಕ್ಕೆ ಮುಚ್ತದೆ, ಕೆಳಭಾಗದಲ್ಲಿ ತೆಳು ಹಸಿರು ಗೆರೆ ಗೆರೆ. ಕಾಮನ್ ಗಲ್ ಅನ್ನೋ ಇನ್ನೊಂದು ಬಿಳಿ ಚಿಟ್ಟೆ ಆಗಿದ್ರೆ ರೆಕ್ಕೆ ನರಗಳೆಲ್ಲ ಕಪ್ಪಗೆ ಎದ್ದು ಕಾಣ್ತಿತ್ತು, ಜೋರಾಗಿ ಹಾರೋ ಎಮಿಗ್ರಂಟ್ ಚಿಟ್ಟೆ ಆಗಿದ್ರೆ ನೀವು ಮೊಬೈಲ್ ತೆಗೆಯೋದ್ರೊಳಗೆ ಆಚೆ ತೋಟ ಸೇರಿರ್ತಿತ್ತು.

ಮಳೆಗಾಳಿ:
ಓ ಸರಿ, ಹಾರಾಟ ನಾನು ಓದ್ಲೇ ಇಲ್ಲ. ಕೋಸಿನ ಕತೆ?

ಹುಳಹುಪ್ಪಟೆ:
ಕೋಸಿನೆಲೆ ತೂತು ಮಾಡೋದು ಹೆಚ್ಚಾಗಿ ಡೈಮಂಡ್‌ಬ್ಯಾಕ್ ಅನ್ನೋ ಬೂದು ಬಣ್ಣದ ಚಿಕ್ಕ ಪತಂಗದ ಮರಿ, ಬೈಯೋದಾದ್ರೆ ಅದಕ್ಕೆ ಬೈರಿ. ಸೈಕಿ ಮೊಟ್ಟೆ ಇಡೋದು ನಾಯಿ ಸಾಸಿವೆ ಥರದ ಗಿಡಗಳಲ್ಲಿ, ಅದೇ ಹಳದಿ ಹೂವು, ಮುಟ್ಟಿದ್ರೆ ಅಂಟು, ಕಡ್ಡಿ ಥರ ಕಾಯಿ. ಒಂದೊಂದೇ ಮೊಟ್ಟೆ ಇಡ್ತದೆ, ಮರಿ ಹಸಿರು, ಎಲೆ ಮೇಲಿದ್ರೂ ಗೊತ್ತೇ ಆಗಲ್ಲ. ತಮಾಷೆ ಅಂದ್ರೆ ಕೋಸಲ್ಲೂ ನಾಯಿ ಸಾಸಿವೆಲೂ ಇರೋದು ಸಾಸಿವೆ ಘಾಟಿನ ಒಂದೇ ಜಾತಿ ರಾಸಾಯನಿಕ, ಸುಮಾರು ಹುಳಗಳು ಅದಕ್ಕೆ ಹೆದರಿ ದೂರ ಇರ್ತವೆ, ಈ ಬಿಳಿ ಚಿಟ್ಟೆ ಬಳಗದ ಎಷ್ಟೋ ಮರಿಗಳು ಆರಾಮಾಗಿ ತಿಂದು ಅರಗಿಸ್ಕೊಳ್ತವೆ. ನಿಮ್ಮ ಬೇಲೀಲಿ ಆ ಗಿಡ ಇದ್ಯಾ ನೋಡಿ.

ಬೇಲಿಹೂ:
ಅಯ್ಯೋ, ಇತ್ತು! ನಿನ್ನೆನೇ ಅಮ್ಮ ಕಳೆ ಅಂತ ಕೀಳ್ಸಿ ಗೊಬ್ಬರದ ಗುಂಡಿಗೆ ಹಾಕ್ಸಿದಾರೆ. ಪಂಪ್‌ಸೆಟ್ ಹತ್ರ ನಾಲ್ಕು ಗಿಡ ಉಳಿದಿವೆ, ಈಗ್ಲೇ ಹೋಗಿ ಎಲೆ ತಿರುಗಿಸಿ ನೋಡ್ತೀನಿ.